ಗೋಡೆಗೊಂದು ತೂತು

ಮಾರ್ಚ್ 4, ಮಂಗಳವಾರ

ಸೂಜಿದಾರ ತರಲು ಹೋದವಳು ಕಾರ್ಖಾನೆಯ ಗೇಟಿನ ಮುಂದೆ ನಮ್ಮ ಅತ್ತಿಗೆ ಹಾಡುವುದನ್ನು ಕೇಳಿದೆ. ಹಾಡುವುದು ಎಂದು ಬರೆದದ್ದು ಬೇರೆ ಪದ ಸಿಗದೆ. ಊಟದ ಬಿಡುವಿನಲ್ಲಿ ಒಂದಷ್ಟು ಹೆಂಗಸರು ಕಂಬಿ ಹಿಡಿದು ನಿಂತಿದ್ದರು. ಒಬ್ಬೊಬ್ಬರದು ಒಂದೊಂದು ಶ್ರುತಿ. ಊಟದ ಡಬ್ಬಿಯ ಮುಚ್ಚಳವೇ ತಾಳ, ಅದೂ ಅಟ್ಟಿಸಿಕೊಂಡು ಬಂದಂತೆ ಓಡುತ್ತಿತ್ತು. ಎಲ್ಲರಿಗಿಂತ ಮುಂದೆ ಅತ್ತಿಗೆ, ಮೊಣಕೈವರೆಗೆ ನೀಲಿ ಹತ್ತಿದ ಕೈ, ಕುತ್ತಿಗೆಯ ನರ ಉಬ್ಬಿಸಿಕೊಂಡು, ಹರಿದ ತಿದಿಯಂಥ ದನಿಯಲ್ಲಿ. ಕಟ್ಟಿದ್ದೂ ಅವಳೇ ಅಂತೆ:

ಗಾಳಿ ಕೊಡಿ, ಗಾಳಿ ಕೊಡಿ,
ಗೋಡೆಗೊಂದು ತೂತು ಕೊಡಿ,
ಬಣ್ಣದ ಬಟ್ಟೆ ಊರಿಗೆಲ್ಲ,
ನೀಲಿ ಕೆಮ್ಮು ನಮಗೆ!

ತೂತು! ಹಾಡಿನಲ್ಲಿ ತೂತು! ಕೆಮ್ಮನ್ನೂ ಬಿಟ್ಟಿಲ್ಲ. ಬಟ್ಟೆಗೆ ಬಣ್ಣ ಹಾಕುವ ಕೋಣೆಯಲ್ಲಿ ಕಿಟಕಿ ಇಲ್ಲ, ಹಬೆ ಹೊರಗೆ ಎಳೆಯುವ ಫ್ಯಾನು ಬೇಕು ಎನ್ನುವುದು ಇವರ ಬೇಡಿಕೆ. ಇರಲಿ, ಕೇಳಲಿ. ಆದರೆ ಕೇಳುವುದಕ್ಕೆ ಸಂಗೀತ ಏನು ತಪ್ಪು ಮಾಡಿತ್ತು? ದಾರಿಹೋಕರು ನಿಂತು ನೋಡುತ್ತಿದ್ದರು. ಮಹಡಿಯ ಮೇಲಿನ ಮ್ಯಾನೇಜರು ದಡಾರನೆ ಕಿಟಕಿ ಹಾಕಿಕೊಂಡ. ಆ ಮನುಷ್ಯನ ಮೇಲೆ ನನಗೆ ಮೊದಲ ಸಲ ಗೌರವ ಹುಟ್ಟಿತು. ಕಿವಿ ಇರುವವನು.

ದಿನಸಿ ಅಂಗಡಿಯವಳು ಕೇಳಿದಳು, “ಟೀಚರಮ್ಮ, ಅದು ನಿಮ್ಮತ್ತಿಗೆ ಅಲ್ವಾ?” ಅಲ್ಲ ಎಂದೆ.

ಮಾರ್ಚ್ 5

ಅಣ್ಣ ಹೋದ ಮೇಲೆ ಅವನು ಬಿಟ್ಟುಹೋದ ಇಬ್ಬರು ಹೆಂಗಸರು ಈ ಮನೆಯಲ್ಲಿ ಒಂದೇ ಒಲೆಗೆ ಬೆನ್ನು ತಿರುಗಿಸಿಕೊಂಡು ಬದುಕುತ್ತಿದ್ದೇವೆ. ಅವಳಿಗೆ ಕಾರ್ಖಾನೆ. ನನಗೆ ಹೋದ ವರ್ಷದಿಂದ ಏನೂ ಇಲ್ಲ. ಮಕ್ಕಳಿಗೆ ಸಂಗೀತ ಅನಗತ್ಯ ಎಂದು ಶಾಲೆಯ ಮಂಡಳಿಗೆ ಜ್ಞಾನೋದಯವಾಯಿತು. ಕತ್ತೆಗೇನು ಗೊತ್ತು ಕಸ್ತೂರಿ ಪರಿಮಳ.

ಇವತ್ತು ಪಾತ್ರೆ ಒರೆಸುತ್ತಾ ಕೇಳಿಯೇಬಿಟ್ಟೆ.

“ಅತ್ತಿಗೆ, ಅದೇನದು ಗೇಟ್ ಮುಂದೆ?”

“ಹಾಡು.”

“ಅದನ್ನ ಹಾಡು ಅಂತ ಯಾರು ಹೇಳಿದ್ರು?”

“ಯಾರೂ ಹೇಳಿಲ್ಲ. ಅರ್ಜಿ ಕೊಟ್ವಿ, ಓದ್ಲಿಲ್ಲ. ಕೈ ಮುಗಿದ್ವಿ, ನೋಡ್ಲಿಲ್ಲ. ಹಾಡಿದ್ವಿ, ಕಿಟಕಿ ಹಾಕ್ಕೊಂಡ. ಅಂದ್ರೆ ಕೇಳಿಸ್ತು ಅಂತ ತಾನೇ?”

ನಾಯಿ ಬೊಗಳಿದರೂ ಜನ ಕಿಟಕಿ ಹಾಕಿಕೊಳ್ಳುತ್ತಾರೆ, ಅದು ಕಲೆಯಲ್ಲ ಎಂದೆ. ಅವಳು ನಕ್ಕಳು. ನಗು ಕೆಮ್ಮಾಯಿತು, ಕೆಮ್ಮು ಮುಗಿಯುವಷ್ಟರಲ್ಲಿ ನಾನು ಪಾತ್ರೆಯನ್ನೆಲ್ಲ ಜೋಡಿಸಿ ಆಗಿತ್ತು. ದನಿಯನ್ನು ಪಳಗಿಸದೆ ಅರಚಿದರೆ ಗಂಟಲು ಹೀಗೇ ಆಗುವುದು. ಎಷ್ಟು ಸಲ ಹೇಳಿದ್ದೇನೆ!

ಮಾರ್ಚ್ 9, ಭಾನುವಾರ

ನಾನೇ ಹೋದೆ. ಅವರ ಫ್ಯಾನಿಗಾಗಿ ಅಲ್ಲ, ನನ್ನ ಕಿವಿಗಾಗಿ. ಊರೆಲ್ಲ ಅವಳನ್ನು ಸಂಗೀತದ ಟೀಚರಿನ ಅತ್ತಿಗೆ ಎಂದೇ ಗುರುತಿಸುವಾಗ ಸುಮ್ಮನಿರುವುದು ಹೇಗೆ?

ದರ್ಜಿ ಅಂಗಡಿಯ ಅಟ್ಟದಲ್ಲಿ ಸೇರಿದ್ದರು. ಒಬ್ಬೊಬ್ಬರನ್ನೇ ಒಂದು ಸ್ವರ ಹಿಡಿಯಲು ಹೇಳಿದೆ. ಬಣ್ಣದ ಕೋಣೆಯವರದು ತಗಡಿನ ಮೇಲೆ ಮೊಳೆ ಎಳೆದ ಹಾಗೆ. ಶುರುವಾದ ಸ್ವರ ಅರ್ಧ ದಾರಿಯಲ್ಲೇ ಕುಂಟುತ್ತದೆ. ಬಟ್ಟೆ ಮಡಿಸುವ ವಿಭಾಗದಿಂದಲೂ ಒಂದಷ್ಟು ಜನ ಬೆಂಬಲಕ್ಕೆಂದು ಬಂದಿದ್ದಾರೆ. ಆ ವಿಭಾಗ ಮೇಲ್ಮಹಡಿಯಲ್ಲಿದೆ, ಅಲ್ಲಿ ದೊಡ್ಡ ದೊಡ್ಡ ಕಿಟಕಿಗಳು. ಅವರ ದನಿ ಪರವಾಗಿಲ್ಲ. ಅದರಲ್ಲೊಬ್ಬಳು ಗುಂಗುರು ಕೂದಲಿನವಳು, ಎಲ್ಲರೂ ಗುಂಗುರಿ ಎಂದೇ ಕರೆಯುತ್ತಾರೆ. ಅವಳ ಕಂಠ ಕಂಠವೇ.

ಮಡಿಸುವವರನ್ನು ಮುಂದೆ ನಿಲ್ಲಿಸಿದೆ. ಬಣ್ಣದ ಕೋಣೆಯವರನ್ನು ಹಿಂದಿನ ಸಾಲಿಗೆ ಕಳಿಸಿದೆ. “ನೀವು ತುಟಿ ಆಡಿಸಿದ್ರೆ ಸಾಕು, ದನಿ ಬೇಡ” ಎಂದೆ.

ಅವರಲ್ಲಿ ಹಿರಿಯಳೊಬ್ಬಳು, ಬೆನ್ನು ಬಾಗಿದವಳು, ಕೇಳಿದಳು: “ನಾವು ಕಟ್ಟಿದ ಹಾಡು ನಾವೇ ಹಾಡ್ಬಾರ್ದಾ ಟೀಚರಮ್ಮ?”

“ಹಾಡಿ. ಮನಸ್ಸಲ್ಲಿ.”

ಎಲ್ಲರೂ ಅತ್ತಿಗೆಯನ್ನು ನೋಡಿದರು. ಅವಳು ತಾನೇ ಹಿಂದಿನ ಸಾಲಿಗೆ ನಡೆದಳು. ಸದ್ಯ, ಜಗಳ ತೆಗೆಯಲಿಲ್ಲ.

ಮಾರ್ಚ್ 14

ಮಾತನ್ನೂ ತಿದ್ದಿದೆ. ತೂತು ಇರುವ ಹಾಡನ್ನು ನಾನು ಕಲಿಸಲಾರೆ. ಈಗ ಹೀಗಿದೆ:

ಉಸಿರಿನ ಹಕ್ಕಿಗೆ ಗವಾಕ್ಷಿ ತೆರೆಯಲಿ,
ವರ್ಣದ ಲೋಕಕೆ ಮಂದಾನಿಲ ಬರಲಿ.

ಗುಂಗುರಿ ಗವಾಕ್ಷಿಯ ಮೇಲೆ ಒಂದು ಎಳೆತ ಕೊಟ್ಟಾಗ ದರ್ಜಿ ಯಂತ್ರ ನಿಲ್ಲಿಸಿ ಮೆಟ್ಟಿಲ ಬಳಿ ಬಂದು ನಿಂತ.

ಅತ್ತಿಗೆ ದಾರಿಯಲ್ಲಿ ಕೇಳಿದಳು, “ಗವಾಕ್ಷಿ ಅಂದ್ರೆ?”

“ಕಿಟಕಿ.”

“ಮತ್ತೆ ಕಿಟಕಿ ಅನ್ನಬಹುದಲ್ಲ. ಆ ಮ್ಯಾನೇಜರಿಗೆ ಅರ್ಥವಾಗ್ದೆ ಬೇರೆ ಏನಾದ್ರೂ ತಂದ್ಕೊಟ್ರೆ?”

ಕೋಣನ ಮುಂದೆ ಕಿನ್ನರಿ ಬಾರಿಸುವುದು ಎಂದರೆ ಇದೇ.

ಮಾರ್ಚ್ 21

ಮ್ಯಾನೇಜರು ಕಿಟಕಿ ತೆಗೆದ!

ಗೇಟಿನ ಮುಂದೆ ನಾವು ಎರಡನೆಯ ಸಾಲಿಗೆ ಬರುವಷ್ಟರಲ್ಲಿ ಮಹಡಿಯ ಕಿಟಕಿ ತೆರೆಯಿತು. ಅವನು ಮೊಣಕೈ ಊರಿಕೊಂಡು ಕೊನೆಯವರೆಗೂ ಕೇಳಿದ. ಮುಗಿದಾಗ ಚಪ್ಪಾಳೆ ತಟ್ಟಿದ. ರಸ್ತೆಯಲ್ಲಿದ್ದವರೂ ತಟ್ಟಿದರು. ಪತ್ರಿಕೆಯವನೊಬ್ಬ ಬಂದಿದ್ದ, “ಕಾರ್ಖಾನೆಯ ಕೋಗಿಲೆಗಳು” ಎಂದು ಬರೆಯುತ್ತಾನಂತೆ. ಕೋಗಿಲೆಯಲ್ಲಿ ಹಾಡುವುದು ಗಂಡು ಎನ್ನುವ ಜ್ಞಾನವೂ ಇಲ್ಲ. ಆದರೂ ನನ್ನ ಹೆಸರನ್ನು ಎರಡು ಸಲ ಕೇಳಿ ಬರೆದುಕೊಂಡ. ಬೇಡಿಕೆ ಏನೆಂದು ಕೇಳುವುದನ್ನು ಮರೆತ. ಅತ್ತಿಗೆ ಓಡಿಹೋಗಿ ಹೇಳಲು ಹೊರಟಳು, ಅವಳ ದನಿ ಅವನ ಸ್ಕೂಟರಿನ ಸದ್ದಿನಲ್ಲಿ ಮುಳುಗಿಹೋಯಿತು.

ಮುಚ್ಚಿದ ಕಿಟಕಿಯನ್ನು ತೆಗೆಸಿದ್ದು ಯಾವುದು? ಅರಚಾಟವೋ, ಸಂಗೀತವೋ? ಅವಳನ್ನು ಕೇಳಬೇಕೆಂದಿದ್ದೆ. ಬೇಗ ಮಲಗಿಬಿಟ್ಟಳು.

ಏಪ್ರಿಲ್ 2

ಇಷ್ಟು ದಿನದ ಗಲಾಟೆಗೆ ಕೊನೆಗೂ ಸರ್ಕಾರದ ಇನ್ಸ್‌ಪೆಕ್ಟರು ಬಂದ. ಕಾರ್ಖಾನೆಯ ಗಾಳಿ ಹೇಗಿದೆ ಎಂದು ನೋಡಿ ವರದಿ ಕೊಡುವುದು ಅವನ ಕೆಲಸ. ಅಂಗಿಯ ಮೇಲೆ ಚಹಾದ ಕಲೆ, ಕಿವಿಯಲ್ಲಿ ಕೂದಲು. ಮ್ಯಾನೇಜರು ಅವನನ್ನು ಮೊದಲು ಅಂಗಳಕ್ಕೆ ಕರೆತಂದು ಕುರ್ಚಿ ಹಾಕಿಸಿ, “ನಮ್ಮ ಹೆಣ್ಣುಮಕ್ಕಳ ಹಾಡು ಕೇಳಿ ಸರ್” ಎಂದ.

ಹಾಡಿದೆವು. ಗುಂಗುರಿ ಇವತ್ತಿನಷ್ಟು ಚೆನ್ನಾಗಿ ಎಂದೂ ಹಾಡಿರಲಿಲ್ಲ. ಹಿಂದಿನ ಸಾಲು ಶಿಸ್ತಾಗಿ ತುಟಿ ಆಡಿಸಿತು. ಇನ್ಸ್‌ಪೆಕ್ಟರು ಕಣ್ಣು ಒರೆಸಿಕೊಂಡು ನನ್ನನ್ನು ಕರೆದು, “ಇಂಥ ಉಸಿರು ಇವರಿಗೆ ಹೇಗೆ ಬಂತಮ್ಮ?” ಎಂದು ಕೇಳಿದ.

“ಸಾಧನೆ” ಎಂದೆ.

ಮೂವತ್ತು ವರ್ಷ ಶಾಲೆಯಲ್ಲಿ ಯಾರೂ ನನ್ನನ್ನು ಕೇಳದಿದ್ದ ಪ್ರಶ್ನೆ.

ಏಪ್ರಿಲ್ 5

ವರದಿಯ ಪ್ರತಿಯನ್ನು ಗೇಟಿಗೆ ಅಂಟಿಸಿದ್ದಾರೆ. “ಕೆಲಸಗಾರರು ದೀರ್ಘವಾಗಿ, ಸುಶ್ರಾವ್ಯವಾಗಿ ಹಾಡಿದ್ದನ್ನು ಸ್ವತಃ ಕೇಳಿರುತ್ತೇನೆ. ಶ್ವಾಸಕ್ಕೆ ತೊಂದರೆ ಇರುವ ಲಕ್ಷಣ ಕಂಡುಬಂದಿರುವುದಿಲ್ಲ.” ಫ್ಯಾನಿನ ಅಗತ್ಯವಿಲ್ಲ. ಆಕ್ಷೇಪವಿದ್ದರೆ ಹದಿನೇಳರಂದು ಮೇಲಧಿಕಾರಿಯ ಮುಂದೆ ಹೇಳಬಹುದು.

ಮೂರ್ಖ! ಎದುರಿಗೆ ಹಾಡಿದವರು ಯಾರು, ಹಾಡದವರು ಯಾರು ಎಂದು ನೋಡುವ ಕಣ್ಣಿಲ್ಲದವನಿಗೆ ಸರ್ಕಾರ ಸಂಬಳ ಕೊಡುತ್ತದೆ. ಇದನ್ನೇ ಅತ್ತಿಗೆಗೂ ಹೇಳಿದೆ.

“ಹೌದು, ಮೂರ್ಖ” ಎಂದಳು. ಅಷ್ಟೇ. ಬೈಯುವುದಕ್ಕೆ ಎಷ್ಟು ಒಳ್ಳೆಯ ಅವಕಾಶ! ಬೈಯಲಿಲ್ಲ. ತಟ್ಟೆ ತೊಳೆದು, ನನ್ನದನ್ನೂ ತೊಳೆದು ಇಟ್ಟಳು.

ಏಪ್ರಿಲ್ 6

ಮಾತಿಲ್ಲ.

ಏಪ್ರಿಲ್ 8, ಮಂಗಳವಾರ

ಮ್ಯಾನೇಜರು ಹೇಳಿಕಳಿಸಿದ್ದ. ಕಚೇರಿಯಲ್ಲಿ ಮೆತ್ತನೆಯ ಕುರ್ಚಿ, ಮೇಜಿನ ಮೇಲೆ ಬಣ್ಣ ಬಣ್ಣದ ಬಟ್ಟೆಯ ತುಂಡುಗಳು, ತಲೆಯ ಮೇಲೆ ಫ್ಯಾನು. ಕಾರ್ಖಾನೆಗೇ ಒಂದು ಗಾನವೃಂದ ಮಾಡುತ್ತಾರಂತೆ, ಎಲ್ಲರಿಗೂ ಒಂದೇ ಬಣ್ಣದ ಉಡುಪು, ನಾನೇ ಗುರು, ಖಾಯಂ ಕೆಲಸ. ನಿಜ ಬರೆಯುತ್ತೇನೆ: ಎದೆ ಹಿಗ್ಗಿತು. ಹದಿನೇಳರಂದು ಮೇಲಧಿಕಾರಿಯ ಎದುರು ಮೊದಲ ಕಾರ್ಯಕ್ರಮ ಎಂದ.

ಆಮೇಲೆ ಹೊಗಳಲು ಹೋದ. “ಮೊದಲು ಈ ಹೆಂಗಸರು ಹಾಡ್ತಿದ್ರೆ ಕಿವೀಲಿ ಮುಳ್ಳು ಆಡಿಸಿದ ಹಾಗಿರೋದು. ಮನೆಗೆ ಹೋದ್ರೂ ಬಿಡ್ತಿರಲಿಲ್ಲ. ತೂತು, ತೂತು ಅಂತ ನನ್ನ ಮಗಳು ಬೇರೆ ಹಾಡೋಕೆ ಶುರು ಮಾಡಿದ್ಲು. ಈಗ ಎಷ್ಟು ಹಿತ ಅಂತೀರಿ! ಊಟ ಮಾಡಿ ಕಿಟಕಿ ತೆಗೆದು ಕೂತ್ರೆ, ನೀವು ಗವಾಕ್ಷಿಗೆ ಬರೋಷ್ಟರಲ್ಲಿ ನನಗೊಂದು ಜೊಂಪು ಹತ್ತಿರುತ್ತೆ.”

ಜೊಂಪು! ನನ್ನ ಸಂಗೀತಕ್ಕೆ!

ಯೋಚಿಸಿ ಹೇಳುತ್ತೇನೆ ಎಂದು ಎದ್ದುಬಂದೆ. ಅತ್ತಿಗೆಗೆ ಇದನ್ನು ಅವಳ ಮುಖಕ್ಕೇ ಹೇಳಬೇಕೆನ್ನಿಸಿ ಕೆಳಗಿಳಿದು ಬಣ್ಣದ ಕೋಣೆಯ ಬಾಗಿಲು ತಳ್ಳಿದೆ. ಇಷ್ಟು ವರ್ಷದಲ್ಲಿ ಅಲ್ಲಿಗೆ ಕಾಲಿಟ್ಟಿರಲಿಲ್ಲ. ನೆಲದಲ್ಲಿ ಹುಗಿದ ತೊಟ್ಟಿಗಳು, ಅವುಗಳಿಂದ ಏಳುವ ಹಬೆ, ಬೆವರುವ ಗೋಡೆ. ಬೀದಿಯ ಕಡೆಗಿನ ಗೋಡೆ ನೆಲದಿಂದ ಸೂರಿನವರೆಗೆ ಬರೀ ಗೋಡೆ. ಮೂಗಿಗೆ ಬಟ್ಟೆ ಕಟ್ಟಿಕೊಂಡ ಹೆಂಗಸರು ಕೋಲಿನಿಂದ ಬಟ್ಟೆ ತಿರುವುತ್ತಿದ್ದರು. ಯಾರು ಯಾರೆಂದು ಗೊತ್ತಾಗಲಿಲ್ಲ. “ಅತ್ತಿಗೆ” ಎಂದು ಕರೆಯಲು ಉಸಿರೆಳೆದೆ. ಎಳೆದದ್ದು ಒಳಗೆ ಹೋಗಿ ಉರಿಯಿತು. ದನಿಯೇ ಹೊರಡಲಿಲ್ಲ. ಇನ್ನೊಮ್ಮೆ ಪ್ರಯತ್ನಿಸಿದೆ.

ಯಾರೋ ನನ್ನ ತೋಳು ಹಿಡಿದು ಹೊರಗೆ ಎಳೆದುಕೊಂಡು ಬಂದರು. ಅತ್ತಿಗೆಯೇ. ನೀರು ಕುಡಿಸಿದಳು, ಬೆನ್ನು ಉಜ್ಜಿದಳು.

“ಇಲ್ಲಿಗ್ಯಾಕೆ ಬಂದೆ? ಬುದ್ಧಿ ಇಲ್ವಾ? ನಿನ್ನ ಗಂಟಲು ಹಾಳಾಗತ್ತೆ ಕಣೇ!”

ಮೂರು ದಿನದಲ್ಲಿ ಅವಳು ಆಡಿದ ಮೊದಲ ಮಾತು.

ಹಾಡುವವಳಾಗಿ ನನ್ನ ಅಭಿಪ್ರಾಯ: ಆ ಕೋಣೆಯನ್ನು ಕಟ್ಟಿದವನಿಗೆ ನಾಚಿಕೆ ಇಲ್ಲ. ಅಲ್ಲಿ ಯಾವ ಸ್ವರವೂ ನಿಲ್ಲಲಾರದು.

ಏಪ್ರಿಲ್ 9

ಗಂಟಲು ಕಟ್ಟಿದೆ. ಬಿಸಿನೀರು ಕುಡಿದರೂ ಬಿಡಲಿಲ್ಲ. ಒಂದೇ ಒಂದು ಸಲ ಹೋಗಿ ಬಂದದ್ದಕ್ಕೆ.

ಏಪ್ರಿಲ್ 13, ಭಾನುವಾರ

ಹದಿನೇಳರಂದು ಹಾಡಿಸುತ್ತೇನೆ ಎಂದು ಮ್ಯಾನೇಜರಿಗೆ ಹೇಳಿಕಳಿಸಿದೆ. ಸಾಲುಗಳನ್ನು ಬದಲಾಯಿಸಿದೆ. ಮಡಿಸುವ ವಿಭಾಗದವರಿಗೆ ಈಚೆಗೆ ತಲೆ ತಿರುಗಿದೆ, ಗುಂಗುರಿಯಂತೂ ಕೋಗಿಲೆ ಎಂದು ಪತ್ರಿಕೆಯಲ್ಲಿ ಬಂದಾಗಿನಿಂದ ಕತ್ತು ಓರೆ ಮಾಡಿಕೊಂಡು ಹಾಡುತ್ತಾಳೆ. ಅವರಿಗೆ ಸ್ವಲ್ಪ ಹಿಂದೆ ನಿಂತು ರೂಢಿಯಾಗಲಿ. ಬಣ್ಣದ ಕೋಣೆಯವರನ್ನು ಮುಂದೆ ಕರೆದೆ. ಮಾತನ್ನೂ ಹಳೆಯದಕ್ಕೇ ಬಿಟ್ಟೆ. ಇವರ ನಾಲಿಗೆಗೆ ಗವಾಕ್ಷಿ ಹೊರಳುವುದಿಲ್ಲ, ಎಷ್ಟು ದಿನ ಒದ್ದಾಡಲಿ?

“ನಾನೇನು ತುಟಿ ಆಡಿಸ್ಬೇಕಾ?” ಎಂದಳು ಗುಂಗುರಿ, ಕಣ್ಣಲ್ಲಿ ನೀರು ತುಂಬಿಕೊಂಡು.

“ಹೌದು. ಕಷ್ಟವೇನಿಲ್ಲ, ಇವರೆಲ್ಲ ಮಾಡಿದ್ದಾರೆ.”

ಬೆನ್ನು ಬಾಗಿದವಳು ಮಾತ್ರ ಮುಂದೆ ಬರಲಿಲ್ಲ. “ಟೀಚರಮ್ಮ, ಅಷ್ಟು ದೊಡ್ಡೋರ ಮುಂದೆ ನಮ್ಮ ಕೆಮ್ಮು ತೋರಿಸೋಕೆ ಕರ್ಕೊಂಡು ಹೋಗ್ತೀರಾ? ನಾವೇನು ತಮಾಷೆನಾ?”

“ಹಾಡೋಕೆ ಕರ್ಕೊಂಡು ಹೋಗ್ತೀನಿ. ಹಾಡು ನಿಮ್ದು ಅಂದವರು ನೀವೇ ಅಲ್ವಾ?” ಎಂದೆ. ಸ್ವಲ್ಪ ಜೋರಾಗಿಯೇ ಬಂತು.

ಅವಳು ಅತ್ತಿಗೆಯ ಕಡೆ ತಿರುಗಿದಳು. ಅತ್ತಿಗೆ ನನ್ನನ್ನು ತುಂಬ ಹೊತ್ತು ನೋಡಿದಳು. ನನಗೆ ಹಾಗೆ ಯಾರಾದರೂ ನೋಡಿದರೆ ಆಗುವುದಿಲ್ಲ. ಆಮೇಲೆ ಬಂದು ಮುಂದಿನ ಸಾಲಿನ ನಡುವೆ ನಿಂತಳು. ಬೆನ್ನು ಬಾಗಿದವಳೂ ಬಂದು ಪಕ್ಕಕ್ಕೆ ನಿಂತಳು.

ಕಲಿಸಿದ್ದು ಒಂದೇ. ಕೊನೆಯ “ನಮಗೆ”ಯನ್ನು ಕತ್ತರಿಸಬೇಡಿ, ಉಸಿರಿರುವವರೆಗೆ ಹಿಡಿಯಿರಿ, ನಾನು ಪಕ್ಕದಲ್ಲಿ ನಿಂತು ಶ್ರುತಿ ಕೊಡುತ್ತೇನೆ. ಘೋರವಾಗಿತ್ತು. ಮತ್ತೆ ಮತ್ತೆ ಹಾಡಿಸಿದೆ.

ಏಪ್ರಿಲ್ 17, ಗುರುವಾರ

ಸರ್ಕಾರಿ ಕಚೇರಿಯ ಸಭಾಂಗಣ. ಉದ್ದನೆಯ ಮೇಜು, ಧೂಳು ಹಿಡಿದ ಪರದೆ, ಒಂದು ಕಾಲು ಗಿಡ್ಡವಾದ ಬೆಂಚು. ಮೇಲಧಿಕಾರಿ ಒಬ್ಬ ಹೆಂಗಸು, ಮೂಗಿನ ತುದಿಯಲ್ಲಿ ಕನ್ನಡಕ. ಪಕ್ಕದಲ್ಲಿ ಅದೇ ಇನ್ಸ್‌ಪೆಕ್ಟರು, ಅದೇ ಅಂಗಿ. ಮ್ಯಾನೇಜರು ಮದುವೆಮನೆಯ ಯಜಮಾನನ ಹಾಗೆ ಓಡಾಡುತ್ತಿದ್ದ. “ಆಕ್ಷೇಪ ಎಲ್ಲ ಇರಲಿ ಮೇಡಂ, ಮೊದಲು ಒಂದು ಹಾಡು ಕೇಳಿಬಿಡಿ, ನಿಮಗೇ ಗೊತ್ತಾಗತ್ತೆ” ಎಂದ. ಸಾಲು ಬದಲಾದದ್ದನ್ನು ಅವನು ಗಮನಿಸಲೂ ಇಲ್ಲ. ಅವನ ಪಾಲಿಗೆ ಕೆಲಸದ ಹೆಂಗಸರೆಲ್ಲ ಒಂದೇ ಮುಖ.

ಶುರು ಮಾಡಿದರು. “ತೂತು” ಬಂದ ಕೂಡಲೇ ಅವನ ಮುಖ ಕಪ್ಪಿಟ್ಟಿತು. ತಡೆಯಲು ಎದ್ದ. ಅಧಿಕಾರಿ ಕೈಯೆತ್ತಿ ಕೂರಿಸಿದಳು. ಶ್ರುತಿ ಎಲ್ಲೋ, ತಾಳ ಎಲ್ಲೋ. ನಾಚಿಕೆಯಿಂದ ನನಗೆ ನೆಲ ಬಿರಿಯಬಾರದೇ ಎನಿಸಿತು. ಆದರೂ ನಿಲ್ಲಿಸಲಿಲ್ಲ.

ಕೊನೆಯ “ನಮಗೆ”ಗೆ ಬಂದರು. ನಾನೂ ಜೊತೆಗೂಡಿದೆ, ಶ್ರುತಿ ಕೊಡುತ್ತೇನೆಂದು ಮಾತು ಕೊಟ್ಟಿದ್ದೆನಲ್ಲ. ಮೊದಲು ಬೆನ್ನು ಬಾಗಿದವಳ ದನಿ ಬಿದ್ದುಹೋಯಿತು. ಪಕ್ಕದವಳದು ಒಡೆದು ಕೆಮ್ಮಾಯಿತು. ಆಮೇಲೆ ಇನ್ನೊಬ್ಬಳದು. ದೀಪ ಆರಿಸಿಕೊಂಡು ಬಂದ ಹಾಗೆ ಒಂದೊಂದೇ ಬಾಯಿ. ಅತ್ತಿಗೆ ಮೇಜಿನ ಅಂಚು ಹಿಡಿದುಕೊಂಡು ತಡೆದಳು, ಕುತ್ತಿಗೆಯ ನರ ಹಗ್ಗದ ಹಾಗಾಗಿತ್ತು. ಅವಳದೂ ಹೋಯಿತು. ಆಮೇಲೂ ಅವಳ ಬಾಯಿ ತೆರೆದೇ ಇತ್ತು.

ಉಳಿದದ್ದು ನನ್ನದೊಂದೇ. ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. ಆ ಇಡೀ ಸಭಾಂಗಣದಲ್ಲಿ ನನ್ನ ದನಿ ಒಂದೇ, ಶುದ್ಧವಾಗಿ, ಸುಮ್ಮನೆ, ಹೋಗುತ್ತಲೇ ಇತ್ತು. ಹುಡುಗಿಯಾಗಿದ್ದಾಗಿನಿಂದ ತುಂಬಿದ ಸಭೆಯಲ್ಲಿ ಒಬ್ಬಳೇ ಹಾಡಬೇಕೆಂದಿದ್ದೆ. ಇಷ್ಟು ಅಸಹ್ಯವಾದ ಸದ್ದನ್ನು ನಾನು ಜನ್ಮದಲ್ಲಿ ಕೇಳಿಲ್ಲ.

ಚಪ್ಪಾಳೆ ಬೀಳಲಿಲ್ಲ. ಬಿದ್ದಿದ್ದರೆ ತಟ್ಟಿದವರ ಕೈ ಮುರಿಯುತ್ತಿದ್ದೆ.

“ಇವರೆಲ್ಲ ಯಾಕೆ ನಿಲ್ಲಿಸಿದ್ರು?” ಎಂದು ಅಧಿಕಾರಿ ಕೇಳಿದಳು.

“ನಿಲ್ಲಿಸಲಿಲ್ಲ ಮೇಡಂ. ಮುಗೀತು. ಅವರ ಹತ್ರ ಇದ್ದದ್ದೇ ಅಷ್ಟು.”

“ವರದಿಯಲ್ಲಿ ಚೆನ್ನಾಗಿ ಹಾಡಿದ್ರು ಅಂತಿದೆ?”

“ಅವತ್ತು ಹಾಡಿದವರು ಮಡಿಸೋ ವಿಭಾಗದವರು, ಹಿಂದೆ ನಿಂತಿದ್ದಾರೆ ನೋಡಿ. ಇವರು ಬಣ್ಣದ ಕೋಣೆಯವರು. ಅವತ್ತು ಇವರಿಗೆ ಬಾಯಿ ಮುಚ್ಚಿ ಅಂತ ಹೇಳಿದ್ದೋಳು ನಾನೇ.”

ಮ್ಯಾನೇಜರು, “ಇದೆಲ್ಲ ನಾಟಕ ಮೇಡಂ, ಇವಳು ಕಲಿಸಿಕೊಟ್ಟಿದ್ದಾಳೆ” ಎಂದು ಎದ್ದು ನಿಂತ. ಬೆನ್ನು ಬಾಗಿದವಳು ಇನ್ನೂ ಕೆಮ್ಮುತ್ತಿದ್ದಳು. ಅವಳು ಬಾಯಿಗೆ ಒತ್ತಿಕೊಂಡಿದ್ದ ಬಟ್ಟೆಯನ್ನು ತೆಗೆದು ಮೇಜಿನ ಮೇಲೆ, ಅವನ ಕಾಗದಗಳ ಪಕ್ಕದಲ್ಲಿ ಬಿಡಿಸಿ ಇಟ್ಟಳು. ನೀಲಿ. ಅವನು ಕಾಗದಗಳನ್ನು ಈಚೆಗೆ ಎಳೆದುಕೊಂಡ.

ಅಧಿಕಾರಿ ಕನ್ನಡಕ ತೆಗೆದಳು. “ನಿಮ್ಮ ಕಾರು ಹೊರಗಿದೆಯಲ್ಲ? ನಡೀರಿ, ಆ ಕೋಣೆ ನೋಡೋಣ. ಈಗಲೇ” ಎಂದಳು. ಇನ್ಸ್‌ಪೆಕ್ಟರನ್ನು ಕರೆಯಲಿಲ್ಲ.

ಬಸ್ಸಿನಲ್ಲಿ ಅತ್ತಿಗೆ ಪಕ್ಕದಲ್ಲೇ ಕೂತಳು. ಇಳಿಯುವ ಮುಂಚೆ, “ನಿನ್ನ ಖಾಯಂ ಕೆಲಸ ಹೋಯ್ತಲ್ಲೇ” ಎಂದಳು.

“ಜೊಂಪು ಹತ್ತಿಸೋ ಕೆಲಸ. ಯಾವಳಿಗೆ ಬೇಕು?”

ಮೇ 12

ಆದೇಶ ಬಂದಿದೆ. ಕೋಣೆಗೆ ಗಾಳಿ ಬರುವವರೆಗೆ ಅಲ್ಲಿ ಕೆಲಸ ಬಂದ್. ಗೋಡೆ ಒಡೆಯುತ್ತಿದ್ದಾರೆ. ಪತ್ರಿಕೆಯವನು ಈ ಸಲ ಬರಲಿಲ್ಲ, ಇದರಲ್ಲಿ ಕೋಗಿಲೆ ಇಲ್ಲವಲ್ಲ. ಇನ್ಸ್‌ಪೆಕ್ಟರಿಗೆ ವರ್ಗವಂತೆ. ಹೋದಲ್ಲೂ ಕಿವಿಯಿಂದಲೇ ನೋಡುತ್ತಾನೆ, ಕಣ್ಣಿಂದ ಕೇಳುತ್ತಾನೆ.

ಅತ್ತಿಗೆಯನ್ನು ಆಸ್ಪತ್ರೆಗೆ ನಾನೇ ಕರೆದುಕೊಂಡು ಹೋಗಿದ್ದೆ. ಕೆಮ್ಮು ಕಡಿಮೆಯಾಗಬಹುದು, ದನಿ ಮೊದಲಿನ ಹಾಗೆ ಆಗಲಾರದು ಎಂದರು ಡಾಕ್ಟರು. ಮೊದಲು ಅವಳ ದನಿ ಹೇಗಿತ್ತು ಎಂದು ನನ್ನನ್ನು ಕೇಳಿದರು. ನೆನಪಿಸಿಕೊಳ್ಳಲು ನೋಡಿದೆ. ನಾನು ಯಾವತ್ತೂ ಕಿವಿಗೊಟ್ಟಿರಲಿಲ್ಲ. “ಚೆನ್ನಾಗಿತ್ತು” ಎಂದೆ. ಅತ್ತಿಗೆ ಆಶ್ಚರ್ಯದಿಂದ ನನ್ನ ಮುಖ ನೋಡಿದಳು.

ಅವಳನ್ನು ಮಡಿಸುವ ವಿಭಾಗಕ್ಕೆ ಹಾಕಿದ್ದಾರೆ. ಗುಂಗುರಿ ಅವಳಿಗೆ ಕಿಟಕಿಯ ಪಕ್ಕದ ಜಾಗ ಬಿಟ್ಟುಕೊಟ್ಟಳಂತೆ. ಕೊಬ್ಬು ಇಳಿದಿರಬೇಕು.

ಮೇ 23, ಶುಕ್ರವಾರ

ಫ್ಯಾನು ಕೂರಿಸಿದರು. ಬೀದಿಯಲ್ಲಿ ನಿಂತರೆ ಕಾಣುತ್ತದೆ, ಸುತ್ತ ಇಟ್ಟಿಗೆ ಒರಟೊರಟಾಗಿಯೇ ಇದೆ, ಗಾರೆ ಮಾಡಲೂ ಬಾರದವರು. ಸದ್ದಂತೂ ಎರಡು ಸ್ವರಗಳ ನಡುವೆ ಎಲ್ಲಿಯೂ ಸೇರದ ಒಂದು ಗರಗರ. ಯಾವ ಶಾಲೆಯಲ್ಲಾದರೂ ಇಂಥ ದನಿ ಬಂದರೆ ಮೊದಲ ದಿನವೇ ಹೊರಗೆ ಕಳಿಸುತ್ತಿದ್ದೆ. ಫ್ಯಾನಿನ ಬಾಯಿಂದ ಬರುವ ಹಬೆಗೆ ಬೀದಿಯ ಜನ ಮೂಗು ಮುಚ್ಚಿಕೊಂಡು ದಾಟುತ್ತಾರೆ. ದಾಟಲಿ.

ಬೆನ್ನು ಬಾಗಿದವಳು ಒಳಗಿನಿಂದ ಬಂದು, “ಹೇಗಿದೆ ಟೀಚರಮ್ಮ?” ಎಂದಳು. ಮೂಗಿಗೆ ಬಟ್ಟೆ ಕಟ್ಟಿರಲಿಲ್ಲ. ಅವಳ ಮುಖವನ್ನು ಸರಿಯಾಗಿ ನೋಡಿದ್ದು ಇವತ್ತೇ.

“ಅಪಸ್ವರ” ಎಂದೆ.

ಪಾಳಿ ಮುಗಿಯುವ ಸೈರನ್ ಆಗುವವರೆಗೂ ಅಲ್ಲೇ ನಿಂತು ಕೇಳಿದೆ. ನಾಳೆಯೂ ಹೋಗಬೇಕು. ಈ ಜನರನ್ನು ನಂಬುವಂತಿಲ್ಲ, ನೋಡುವವರು ಯಾರೂ ಇಲ್ಲದಿದ್ದರೆ ನಿಲ್ಲಿಸಿಬಿಡುತ್ತಾರೆ.